ಮನೆಯ ಹೊಲಿಗೆ ಯಂತ್ರ: ನೇರ ಹೊಲಿಗೆ, ಜಿಗ್‌ಜಾಗ್ ಮತ್ತು ಕೊಡಗಿನ ಮಳೆ

ಮಡಿಕೇರಿ ಸಮೀಪದ ನಮ್ಮ ಮನೆಯಲ್ಲಿ ಹಲವು ಮಳೆಗಾಲಗಳನ್ನು ಕಂಡಿರುವ, ಮೇಜಿನ ಮೇಲಿಟ್ಟು ವಿದ್ಯುತ್ತಿನಿಂದ ನಡೆಸುವ ಸಾಧಾರಣ ಹೊಲಿಗೆ ಯಂತ್ರದ ವಿಮರ್ಶೆಯಿದು. ತಿರುಗಿಸಿ ಆರಿಸಿಕೊಳ್ಳುವ ಹೊಲಿಗೆಗಳ ಚಿತ್ರಗಳು ಅದರ ಮುಂಭಾಗದಲ್ಲಿ ಸಾಲಾಗಿದ್ದರೂ, ನಮ್ಮ ಕೆಲಸದ ಬಹುಪಾಲು ನಡೆಯುವುದು ನೇರ ಹೊಲಿಗೆ ಮತ್ತು ಅಂಕುಡೊಂಕಾಗಿ ಸಾಗುವ ಜಿಗ್‌ಜಾಗ್‌ಗಳಿಂದಲೇ. ಕೊಳ್ಳುವವರು ಹೊಲಿಗೆಗಳ ಸಂಖ್ಯೆಗೆ ಮರುಳಾಗದೆ, ಈ ಎರಡನ್ನು ತೆಳು ಹಾಗೂ ದಪ್ಪ ಬಟ್ಟೆಗಳ ಮೇಲೆ ಅಂಗಡಿಯಲ್ಲೇ ಹೊಲಿಸಿ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹತ್ತಿಯ ರವಿಕೆಗೂ ದಿಂಬಿನ ಚೀಲಕ್ಕೂ 14ನೇ ನಂಬರಿನ ಸೂಜಿ ಮತ್ತು 2.5 ಮಿಲಿಮೀಟರ್ ಉದ್ದದ ನೇರ ಹೊಲಿಗೆ ಸಾಕು. ಅಳತೆ ನೋಡಲು ಹಾಕುವ ಕಚ್ಚಾ ಹೊಲಿಗೆಯನ್ನು 4 ಮಿಲಿಮೀಟರಿಗೆ ಏರಿಸಿದರೆ ಬಿಚ್ಚುವುದು ಸುಲಭ. ತೆಳು ರೇಷ್ಮೆಗೆ 11ನೇ ನಂಬರು, ಜೀನ್ಸ್‌ಗೆ 16ನೇ ನಂಬರು ಬೇಕು. ಕೊಡವ ಪುರುಷರ ಸಾಂಪ್ರದಾಯಿಕ ನಿಲುವಂಗಿಯಾದ ಕುಪ್ಯದ ಅಂಚಿನಂತಹ ದಪ್ಪ ಮಡಿಕೆ ಬಂದಾಗ ಮೋಟಾರು ಏದುಸಿರು ಬಿಡುತ್ತದೆ. ಅಲ್ಲಿ ಪೆಡಲ್ ಒತ್ತದೆ, ಪಕ್ಕದ ಚಕ್ರವನ್ನು ಕೈಯಿಂದ ನಮ್ಮ ಕಡೆಗೆ ತಿರುಗಿಸುತ್ತ ಒಂದೊಂದೇ ಹೊಲಿಗೆ ದಾಟಿಸಬೇಕು.

ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬಿದ್ದರೆ ಎಲ್ಲರೂ ಕೆಳಗಿನ ದಾರದ ಸುರುಳಿಯಾದ ಬಾಬಿನ್ನನ್ನು ದೂರುತ್ತಾರೆ. ಕಾರಣವಿರುವುದು ಹೆಚ್ಚಾಗಿ ಮೇಲಿನ ದಾರದಲ್ಲಿ. ಬಟ್ಟೆಯನ್ನು ಒತ್ತಿಹಿಡಿಯುವ ಫೂಟ್ ಕೆಳಗಿಳಿದಿರುವಾಗ, ದಾರದ ಬಿಗಿತ ಕಾಯುವ ಟೆನ್ಷನ್ ತಟ್ಟೆಗಳು ಬಿಗಿಯಾಗಿ ಮುಚ್ಚಿಕೊಂಡಿರುವುದರಿಂದ, ಆಗ ಪೋಣಿಸಿದ ದಾರ ಅವುಗಳ ನಡುವೆ ಕೂರುವುದಿಲ್ಲ. ಫೂಟ್ ಎತ್ತಿ ಮೊದಲಿನಿಂದ ಪೋಣಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಟೆನ್ಷನ್ ತಿರುಗಿಸುವುದು ಅದರ ನಂತರದ ಮಾತು.

ಜಿಗ್‌ಜಾಗ್ ನನಗೆ ಅತ್ಯಂತ ಪ್ರಿಯವಾದ ಹೊಲಿಗೆ. ಇಂಟರ್‌ಲಾಕ್ ಯಂತ್ರವಿಲ್ಲದ ಮನೆಯಲ್ಲಿ ಕತ್ತರಿಸಿದ ಅಂಚಿನ ನೂಲು ಬಿಡದಂತೆ ಕಾಯುವುದು ಇದೇ, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ ಮತ್ತು ಮದುವೆಗಳ ದಿನಗಳಲ್ಲಿ ಟೈಲರ್ ಅಂಗಡಿಯಲ್ಲಿ ಕಾಯದೆ ಸೀರೆಯಂಚಿನ ಜಿಗ್‌ಜಾಗ್ ಮುಗಿಸಿಕೊಳ್ಳಲು ನೆರವಾಗುವುದೂ ಇದೇ. ಹಿಗ್ಗುವ ಟೀ-ಶರ್ಟ್ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಎಳೆದಾಗ ದಾರ ತುಂಡಾಗುತ್ತದೆ. ಕಿರಿದಾದ ಜಿಗ್‌ಜಾಗ್ ಬಟ್ಟೆಯೊಂದಿಗೆ ತಾನೂ ಹಿಗ್ಗುತ್ತದೆ. ಗುಂಡಿ ತೂರಿಸುವ ರಂಧ್ರದ ಹೊಲಿಗೆಯಾದ ಕಾಜಾ ಮಾತ್ರ ಸಮಾಧಾನ ತಂದಿಲ್ಲ: ಎಡಬದಿಗಿಂತ ಬಲಬದಿ ಸಡಿಲವಾಗಿ ಬೀಳುತ್ತದೆ, ಒಳಗೆ ಕ್ಯಾನ್ವಾಸ್ ಎಂಬ ಗಡುಸು ಬಟ್ಟೆ ಇಟ್ಟರೆ ಸ್ವಲ್ಪ ಸುಧಾರಿಸುತ್ತದೆ.

ಯಂತ್ರದ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. ತೇವದಿಂದ ಸೂಜಿ ತುಕ್ಕು ಹಿಡಿಯುತ್ತದೆ, ತುಕ್ಕಿನ ಸೂಜಿ ಬಟ್ಟೆಯ ನೂಲನ್ನು ಎಳೆಯುತ್ತದೆ. ಸೂಜಿಯನ್ನು ಧಾರಾಳವಾಗಿ ಬದಲಿಸಿ, ಅಡಿಭಾಗದಲ್ಲಿ ಕೂರುವ ನಾರಿನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಲಿಗೆ ಯಂತ್ರಕ್ಕೆಂದೇ ಮಾರುವ ಎಣ್ಣೆಯನ್ನಷ್ಟೇ, ಕೈಪಿಡಿ ತೋರಿಸಿದ ಜಾಗಗಳಿಗೆ ಬಿಡಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ನಮ್ಮ ಡಿಸೆಂಬರಿನ ಚಳಿಗೆ ಅದು ಯಂತ್ರದೊಳಗೇ ಹೆಪ್ಪುಗಟ್ಟೀತು.

ಮರ ಬಿದ್ದು ಕರೆಂಟು ಹೋದಾಗಲೂ ಕೆಲಸ ನಿಲ್ಲುವುದಿಲ್ಲ. ಮೋಟಾರು ನೂರು ವ್ಯಾಟ್‌ಗಿಂತ ಕಡಿಮೆಯದಾದ್ದರಿಂದ ಮನೆಯ ಇನ್ವರ್ಟರ್ ಅದನ್ನು ನಡೆಸುತ್ತದೆ. ಆದರೆ ಪೆಡಲ್ ಕೆಟ್ಟಾಗ ರಿಪೇರಿಗೆ ಮೈಸೂರಿಗೇ ಕಳುಹಿಸಬೇಕಾಯಿತು, ಕೈಪಿಡಿಯಲ್ಲಿ ಕನ್ನಡವೂ ಇರಲಿಲ್ಲ. ಮಡಿಕೇರಿ, ವಿರಾಜಪೇಟೆ ಅಥವಾ ಕುಶಾಲನಗರದಲ್ಲಿ ಸರ್ವಿಸ್ ಸಿಗುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ, ವಾರಂಟಿ ಕಾಗದದ ಮೇಲೆ ಬರೆಸಿಕೊಳ್ಳಿ.