ಡಬ್ಬಿ, ಕ್ಯಾಂಟೀನು, ರೂಮಿನ ಒಲೆ, ಊರ ಬುತ್ತಿ: ಬೆಳಗಾವಿಯಲ್ಲಿ ನನ್ನ ಎರಡು ವರ್ಷದ ಊಟ

ಎಂ.ಎ. ಓದಲು ಬೈಲಹೊಂಗಲ ಕಡೆಯ ಹಳ್ಳಿಯಿಂದ ಬೆಳಗಾವಿಗೆ ಬಂದಾಗ ಫೀಸು, ರೂಮಿನ ಬಾಡಿಗೆ, ಪುಸ್ತಕ ಎಲ್ಲದಕ್ಕೂ ಅಪ್ಪ ಲೆಕ್ಕ ಹಾಕಿದ್ದರು. ಊಟದ ಲೆಕ್ಕ ಮಾತ್ರ ತಪ್ಪಿತು. ತಿಂಗಳ ಇಪ್ಪತ್ತನೇ ತಾರೀಖಿಗೆ ಕೈ ಖಾಲಿ. ಆಮೇಲಿನ ಹತ್ತು ದಿನ ಚಹಾ, ಚುರುಮುರಿ, ಎರಡು ಬಾಳೆಹಣ್ಣು. ಅವ್ವ ಫೋನಿನಲ್ಲಿ "ಊಟಾ ಆತೇನವಾ?" ಅಂದರೆ "ಆತವ್ವಾ" ಅನ್ನುತ್ತಿದ್ದೆ. ಪಕ್ಕದ ಕಾಟಿನ ಹುಡುಗಿಯೂ ಅವಳ ಅವ್ವನಿಗೆ ಅದನ್ನೇ ಹೇಳುತ್ತಿದ್ದಳು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮಾತಾಡಲಿಲ್ಲ.

ಹಾಸ್ಟೆಲ್ ಸೀಟು ನನಗೆ ಸಿಗಲಿಲ್ಲ. ಹಾಗಾಗಿ ಎರಡು ವರ್ಷದಲ್ಲಿ ನಾಲ್ಕು ದಾರಿ ನೋಡಿದೆ. ಯಾವುದು ಅಗ್ಗ ಅಂತ ಅಳೆದರೆ ಪ್ರಯೋಜನ ಇಲ್ಲ. ತಿಂಗಳ 25ನೇ ತಾರೀಖಿಗೂ ತಟ್ಟೆಯಲ್ಲಿ ಊಟ ಇರುತ್ತದಾ? ನಾನು ಅಳೆದದ್ದು ಹೀಗೆ.

ಮೊದಲು ಹಿಡಿದದ್ದು ಡಬ್ಬಿ, ಅಂದರೆ ಯಾರದೋ ಮನೆಯಲ್ಲಿ ಅಡುಗೆ ಮಾಡಿ ತಿಂಗಳ ಲೆಕ್ಕಕ್ಕೆ ಕೊಡುವ ಊಟ. ಖಾನಾವಳಿಗೆ ಹೋಗಿ ಕೂತು ಉಣ್ಣುವುದು ಹುಡುಗರಿಗೆ ಸಲೀಸು. ನಾವು ಹುಡುಗಿಯರು ಡಬ್ಬಿ ತರಿಸಿಕೊಳ್ಳುವುದೇ ಜಾಸ್ತಿ. ಡಬ್ಬಿ ಮಾಡಿಕೊಡುವ ನಮ್ಮ ಓಣಿಯ ಮಾವಶಿ (ಚಿಕ್ಕಮ್ಮ ಅಂದ ಹಾಗೆ) ಎರಡು ಹೊತ್ತಿಗೆ ತಿಂಗಳಿಗೆ 2,600 ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಎರಡು ರೊಟ್ಟಿ ಇಲ್ಲವೇ ಮೂರು ಚಪಾತಿ, ಒಂದು ಕಾಳಿನ ಪಲ್ಯ, ಅನ್ನ, ಸಾರು. ರುಚಿಗೆ, ಪೌಷ್ಟಿಕಕ್ಕೆ ನಾಲ್ಕರಲ್ಲಿ ಇದೇ ಮೇಲು. ಮಡಕಿಕಾಳು, ಹೆಸರುಕಾಳು, ಝುಣಕ ಸರದಿಯಂತೆ ಬರುತ್ತಿದ್ದವು. ಆದರೆ 2,600 ಒಮ್ಮೆಗೇ ಕೊಡಬೇಕು. ಸುಗ್ಗಿ ಮುಗಿದು ರೊಕ್ಕ ಬರುವವರೆಗೆ ನಮ್ಮ ಮನೆಯಲ್ಲಿ ಅಷ್ಟು ಒಟ್ಟಿಗೆ ಇರುವುದಿಲ್ಲ. ಮೂರನೇ ತಿಂಗಳು ಡಬ್ಬಿ ಬಿಡುತ್ತೇನೆ ಅಂತ ಹೇಳಲು ಹೋದೆ. ಮಾವಶಿ ಅಂದರು: "ರೊಕ್ಕ ಬಂದಾಗ ಕೊಡವಾ. ಡಬ್ಬಿ ಮಾತ್ರ ಬಿಡಬ್ಯಾಡ." ಒಂದು ಹೊತ್ತಿನ ಡಬ್ಬಿಗೆ ಇಳಿಸಿ, 1,400ಕ್ಕೆ ಉದ್ರಿ ಬರೆದುಕೊಂಡರು. ಆ ಉದ್ರಿ ಇಲ್ಲದಿದ್ದರೆ ಮೊದಲ ಸೆಮಿಸ್ಟರ್ ನಾನು ಮುಗಿಸುತ್ತಿರಲಿಲ್ಲ. ಆದರೆ ಎಲ್ಲ ಓಣಿಯಲ್ಲೂ ಇಂಥ ಮಾವಶಿ ಸಿಗುವುದಿಲ್ಲ, ಅವರ ಮನೆಯೂ ನಡೆಯಬೇಕಲ್ಲ.

ಇಂದಿರಾ ಕ್ಯಾಂಟೀನಿನ ದರ ಎಲ್ಲರಿಗೂ ಗೊತ್ತು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾದಾಗಲೇ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಆಮೇಲೆ ಬೇರೆ ಊರುಗಳಿಗೂ, ಬೆಳಗಾವಿಗೂ ಬಂತು. ಮೂರೂ ಹೊತ್ತು ಅಲ್ಲೇ ತಿಂದರೆ ದಿನಕ್ಕೆ 25, ತಿಂಗಳಿಗೆ 750. ಡಬ್ಬಿಯ ಮೂರನೇ ಒಂದು ಪಾಲಿಗೂ ಕಡಿಮೆ! ಅದಕ್ಕಿಂತ ದೊಡ್ಡದು, ರೊಕ್ಕ ಆಯಾ ಹೊತ್ತಿಗೆ ಕೊಟ್ಟರೆ ಸಾಕು. ಹತ್ತು ರೂಪಾಯಿ ಇದ್ದರೆ ಇವತ್ತಿನ ಊಟ ಆಯ್ತು. ಮೊದಲ ಸಲ ಹೋದಾಗ ಯಾರಾದರೂ ಕ್ಲಾಸಿನವರು ನೋಡಿದರೆ ಅಂತ ಅಳುಕಿತ್ತು. ಟೋಕನ್ ಹಿಡಿದು ನಿಂತಾಗ ಮುಂದೆ ಇಬ್ಬರು ನಮ್ಮ ಡಿಪಾರ್ಟ್‌ಮೆಂಟಿನವರೇ ಇದ್ದರು. ಅವತ್ತಿಂದ ಮೂವರೂ ಒಟ್ಟಿಗೇ ಹೋದೆವು. ತೊಂದರೆ ದೂರದ್ದು. ಕ್ಯಾಂಪಸ್ಸು ಊರ ಹೊರಗೆ ಹೈವೇ ಪಕ್ಕ, ಕ್ಯಾಂಟೀನು ಊರೊಳಗೆ. ಮಧ್ಯಾಹ್ನದ ಊಟಕ್ಕೆ ಬಂದರೆ ಎರಡು ಕ್ಲಾಸು ಹೋದಂತೆ. ರಾತ್ರಿ ಲೈಬ್ರರಿ ಮುಗಿಸಿ ಬಸ್ ಹಿಡಿದು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನನಗೆ ದಕ್ಕಿದ್ದು ಬೆಳಗಿನ ತಿಂಡಿ ಮತ್ತು ಭಾನುವಾರದ ಊಟ. ಹತ್ತು ರೂಪಾಯಿಯ ಊಟ ಕ್ಯಾಂಪಸ್ಸಿನ ಗೇಟಿನ ಹತ್ತಿರವೇ ಸಿಕ್ಕರೆ ಎಷ್ಟು ಮಕ್ಕಳಿಗೆ ಆಸರೆ ಆಗುತ್ತದೆ ಅಂತ ಈಗಲೂ ಅನ್ನಿಸುತ್ತದೆ. ಶಾಲೆಯಲ್ಲಿ ಹತ್ತನೇ ತರಗತಿವರೆಗೆ ನನಗೆ ಬಿಸಿಯೂಟ ಸಿಕ್ಕಿತ್ತು. ಓದು ಮುಂದುವರಿಸಿದವರ ಹಸಿವನ್ನು ಆಮೇಲೆ ಯಾರೂ ಕೇಳುವುದಿಲ್ಲ.

ರೂಮಿನಲ್ಲಿ ಅಡುಗೆ ಮಾಡಿದ್ದು ನಾಲ್ಕು ತಿಂಗಳು. ಅಕ್ಕಿಗೆ ಕೊರತೆ ಇರಲಿಲ್ಲ. ನಮ್ಮ ಹೆಸರು ಊರಿನ ರೇಷನ್ ಕಾರ್ಡಿನಲ್ಲಿದೆ, ಅನ್ನಭಾಗ್ಯದ ಅಕ್ಕಿಯನ್ನು ರೂಮಿನ ಮೂವರೂ ಗಂಟು ಕಟ್ಟಿ ತಂದೆವು. ಖರ್ಚೆಲ್ಲ ಗ್ಯಾಸು, ಎಣ್ಣೆ, ತರಕಾರಿಗೆ. ತಲೆಗೆ ಸುಮಾರು 900 ಬಿದ್ದಿತು. ಲೆಕ್ಕಕ್ಕೆ ಚೆನ್ನಾಗಿದೆ, ಅಲ್ವಾ? ಪರೀಕ್ಷೆ ಬಂದ ಕೂಡಲೇ ಒಲೆ ಆರಿತು. ರಾತ್ರಿ ಒಂಬತ್ತಕ್ಕೆ ಬಂದು ಯಾರು ಕುಕ್ಕರ್ ಇಡಬೇಕು? ಅನ್ನ ಮತ್ತು ಉಪ್ಪಿನಕಾಯಿಗೆ ಇಳಿದೆವು. ಬರೀ ಅನ್ನ ಉಂಡರೆ ಹೊಟ್ಟೆ ತುಂಬುತ್ತದೆ, ಎರಡು ತಾಸಿಗೆ ಮತ್ತೆ ಹಸಿವು. ಓದಬೇಕಾದ ಹೊತ್ತಿನಲ್ಲೇ ತಲೆ ಸುತ್ತುತ್ತಿತ್ತು. ಇಬ್ಬರಾದರೂ ಅಡುಗೆಗೆ ಮನಸ್ಸಿದ್ದವರು ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಕೊನೆಗೆ ಊರ ಬುತ್ತಿ. ನಮ್ಮ ಕಾಕಾ ಧಾರವಾಡದಲ್ಲಿ ಓದುವಾಗ ಮುಂಜಾನೆಯ ಬಸ್ಸಿನಲ್ಲಿ ದಿನಾಲೂ ಬುತ್ತಿ ಬರುತ್ತಿತ್ತಂತೆ. ಕಂಡಕ್ಟರ್ ಕೈಗೆ ಕೊಟ್ಟರೆ ಸ್ಟ್ಯಾಂಡಿನಲ್ಲಿ ಹುಡುಗರು ಕಾಯ್ದು ನಿಂತಿರುತ್ತಿದ್ದರು. ನನಗೆ ಅದು ಬೇರೆ ರೀತಿಯಲ್ಲಿ ಒದಗಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ರೊಕ್ಕ ಇಲ್ಲ. ಮೊದಲು ತಿಂಗಳಿಗೊಮ್ಮೆ ಊರಿಗೆ ಹೋಗುವುದೇ ಕಷ್ಟ. ಈಗ ಶನಿವಾರ ಹೋಗಿ ಭಾನುವಾರ ಸಂಜೆ ಬರುತ್ತೇನೆ, ಚೀಲದ ತುಂಬ ಕಡಕ್ ರೊಟ್ಟಿ ಇರುತ್ತದೆ. ಜತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಹಿಂಡಿ ಅಂದರೆ ಚಟ್ನಿಪುಡಿ, ತಿಂಗಳಾದರೂ ಕೆಡುವುದಿಲ್ಲ. ರೊಟ್ಟಿ ಮುರಿದು, ಹಿಂಡಿ ಹಚ್ಚಿ, ಮೇಲೆ ಹತ್ತು ರೂಪಾಯಿಯ ಮೊಸರು ಹಾಕಿಕೊಂಡರೆ ರಾತ್ರಿಯ ಊಟ ಆಯ್ತು. ಒಲೆ ಬೇಡ, ಕಾಯುವುದು ಬೇಡ. ಆದರೆ ಬೆಳಗಾವಿಯ ಮಳೆಗೆ ಇದು ನಿಲ್ಲುವುದಿಲ್ಲ. ಬೈಲಹೊಂಗಲದಲ್ಲಿ ವಾರ ಪೂರ್ತಿ ಕಟಕಟ ಅನ್ನುವ ರೊಟ್ಟಿ, ಇಲ್ಲಿ ಜುಲೈ ತಿಂಗಳಲ್ಲಿ ಮೂರೇ ದಿನಕ್ಕೆ ಮೆತ್ತಗಾಗಿ ಬೂಷ್ಟು ಹಿಡಿಯಿತು. ಅವ್ವ ಒಲೆ ಮುಂದೆ ಕೂತು ತಟ್ಟಿದ ಹದಿನೆಂಟು ರೊಟ್ಟಿ ಚೆಲ್ಲುವಾಗ ನನಗೆ ಅಳು ಬಂತು. ಆಮೇಲಿಂದ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇಡುತ್ತೇನೆ, ಮಳೆಗಾಲದಲ್ಲಿ ಅರ್ಧ ಮಾತ್ರ ತರುತ್ತೇನೆ.

ಒಂದನ್ನೇ ಆರಿಸು ಅಂದರೆ ಬುತ್ತಿ ಅನ್ನುತ್ತೇನೆ. ಆದರೆ ಒಂದನ್ನೇ ನಂಬಿದಾಗಲೆಲ್ಲ ನಾನು ಉಪವಾಸ ಬಿದ್ದೆ. ಈಗ ಬೆಳಿಗ್ಗೆ ಕ್ಯಾಂಟೀನಿನ ತಿಂಡಿ, ಮಧ್ಯಾಹ್ನ ಮಾವಶಿಯ ಒಂದು ಡಬ್ಬಿ, ರಾತ್ರಿ ರೊಟ್ಟಿ ಹಿಂಡಿ. ತಿಂಗಳಿಗೆ 1,900 ದಾಟುವುದಿಲ್ಲ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದವರು ವಿದ್ಯಾಸಿರಿಗೆ ಅರ್ಜಿ ಹಾಕುವುದನ್ನು ಮರೆಯಬೇಡಿ. ಊಟ, ವಸತಿಗೆ ಅಂತಲೇ ಸರಕಾರ ಕೊಡುವ ಹಣ ಅದು. ಹುಡುಗರಾದರೆ ಮಠಗಳ ಪ್ರಸಾದ ನಿಲಯದಲ್ಲೂ ಕೇಳಿ ನೋಡಿ. ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠ, ಧಾರವಾಡದ ಮುರುಘಾ ಮಠದ ಅನ್ನ ಉಂಡು ಓದಿದವರು ನಮ್ಮ ಕಡೆ ಊರೂರಿಗೂ ಇದ್ದಾರೆ.

ಹೋದ ವಾರ ನಮ್ಮ ರೂಮಿಗೆ ಗೋಕಾಕ ಕಡೆಯ ಹೊಸ ಹುಡುಗಿ ಬಂದಳು. ರಾತ್ರಿ ಫೋನಿನಲ್ಲಿ "ಆತವ್ವಾ, ಉಂಡೆ" ಅಂದಳು. ಅವಳು ಉಂಡಿರಲಿಲ್ಲ. ನಾನು ಏನೂ ಕೇಳಲಿಲ್ಲ. ಸ್ಟೀಲ್ ಡಬ್ಬದ ಮುಚ್ಚಳ ತೆಗೆದು ಅವಳ ಮುಂದೆ ಇಟ್ಟೆ, ಮಾವಶಿಯ ನಂಬರ್ ಬರೆದುಕೊಟ್ಟೆ.