ಸ್ವಿಫ್ಟೋ ಡಿಜೈರೋ: ಆರಿಂಚಿನ ಲೆಕ್ಕ

ಅತ್ತೆ ಮಾರುತಿ ಸ್ವಿಫ್ಟ್ ಕಾರಿನ ಪಕ್ಕ ನಿಂತು ಹಿಂದಿನ ಬಾಗಿಲಿನ ಹಿಡಿ ಹುಡುಕುತ್ತಿದ್ದರು. ಬೇರೆ ಕಾರುಗಳಲ್ಲಿ ಅದು ಇರುವ ಜಾಗದಲ್ಲೆಲ್ಲ ಕೈಯಾಡಿಸಿದರು, ಸಿಗಲಿಲ್ಲ. 2018ರಲ್ಲಿ ಬಂದ ಹೊಸ ಸ್ವಿಫ್ಟಿನಲ್ಲಿ ಆ ಹಿಡಿಯನ್ನು ಕಿಟಕಿ ಮುಗಿಯುವ ಮೂಲೆಯಲ್ಲಿ, ಕಪ್ಪು ಕಂಬದೊಳಗೆ ಅಡಗಿಸಿ ಇಟ್ಟಿದ್ದಾರೆ. “ಬಾಗಿಲೇ ಇಲ್ವಲ್ಲಮ್ಮ ಇದಕ್ಕೆ” ಅಂದರು. ನಾನು ಇಳಿದು ಬಂದು ತೆಗೆದುಕೊಟ್ಟೆ. ಬಲಮೊಣಕಾಲಿನ ಆಪರೇಷನ್ ಆದ ಮೇಲೆ ಅವರ ಆ ಕಾಲು ಪೂರ್ತಿ ಮಡಚುವುದಿಲ್ಲ. ಸೀಟಿನ ಮೇಲೆ ಅಡ್ಡ ಕೂತು, ಎರಡೂ ಕೈಯಲ್ಲಿ ಕಾಲು ಹಿಡಿದು ಒಳಗೆಳೆದುಕೊಂಡರು. ಮೊಣಕಾಲು ಮುಂದಿನ ಸೀಟಿನ ಬೆನ್ನಿಗೆ ತಾಗಿತು. ತುಮಕೂರಿನಿಂದ ದೇವರಾಯನದುರ್ಗದ ತನಕ ಅವರು ಒಂದು ಮಾತೂ ಆಡಲಿಲ್ಲ.

ಮುಂದಿನ ಭಾನುವಾರ ಅದೇ ದಾರಿಯಲ್ಲಿ ಅದೇ ಜನ ಮಾರುತಿಯದೇ ಆದ, ಹಿಂದೆ ಬೇರೆ ಡಿಕ್ಕಿ ಇರುವ ಡಿಜೈರ್‌ನಲ್ಲಿ ಹೋದೆವು. ಹೀಗೆ ಎರಡು ಕಾರನ್ನೂ ಒಂದೊಂದು ವಾರ ಓಡಿಸಿ ನೋಡುವ ಅವಕಾಶ ನನಗೆ ಸಿಕ್ಕಿತು. ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿರುವ ನಮ್ಮ ಕಡೆಯವರಿಗೆ ಉಪಯೋಗವಾಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ಅಗತ್ಯ ಮೊದಲು ಹೇಳಿಬಿಡುತ್ತೇನೆ. ನಾನು ಕೊರಟಗೆರೆ ಕಡೆಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ವಾರಕ್ಕೆ ಆರು ದಿನ ಹೋಗಿಬರಬೇಕು, ಹೆಚ್ಚಿನ ದಿನ ಒಬ್ಬಳೇ. ನಮ್ಮ ಮನೆಯವರಿಗೆ ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ, ಕಂಪನಿ ಬಸ್ಸಿದೆ. ಮಗಳು ಏಳನೇ ಕ್ಲಾಸು. ಗುಬ್ಬಿ ಹತ್ತಿರ ಸ್ವಲ್ಪ ತೆಂಗಿನ ತೋಟವಿದೆ, ತಿಂಗಳಿಗೆ ಎರಡು ಸಲವಾದರೂ ಹೋಗಲೇಬೇಕು. ಬಜೆಟ್ ಐದೂವರೆ ಲಕ್ಷ, ಅದರ ಮೇಲೆ ಒಂದು ರೂಪಾಯಿಯೂ ಆಗುತ್ತಿರಲಿಲ್ಲ.

ಸ್ವಿಫ್ಟು ವರ್ಗಾವಣೆಯಾಗಿ ಹೊರಟಿದ್ದ ನಮ್ಮ ಸಹೋದ್ಯೋಗಿಯದು. ಡಿಜೈರ್ ಎಸ್‌ಐಟಿ ಬಡಾವಣೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರದು. ಎರಡೂ 2018ರ ಪೆಟ್ರೋಲ್ ಗಾಡಿ, ವೇರಿಯಂಟು ವಿಎಕ್ಸ್‌ಐ, ಎರಡೂ ಕೆಎ 06 (ತುಮಕೂರು ನೋಂದಣಿ), ಎರಡೂ ಐವತ್ತು ಸಾವಿರ ಕಿಲೋಮೀಟರ್ ಆಸುಪಾಸಿನಲ್ಲಿ ಓಡಿದ್ದವು. ಕಡಿಮೆ ದುಡ್ಡಿಗೆ 2013, 2014ರ ಗಾಡಿಗಳೂ ಬಂದವು, ನಾನು ಬೇಡ ಅಂದೆ. ಆ ಹಳೇ ಮಾಡೆಲಿನಲ್ಲಿ ಏರ್‌ಬ್ಯಾಗು, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಳಗಿನ ವೇರಿಯಂಟುಗಳಿಗೆ ಬರುತ್ತಿರಲಿಲ್ಲ. 2017ರ ಡಿಜೈರ್, 2018ರ ಸ್ವಿಫ್ಟಿನಿಂದ ಈಚೆಗೆ ಎಲ್ಲ ವೇರಿಯಂಟಿಗೂ ಎರಡು ಏರ್‌ಬ್ಯಾಗು, ಎಬಿಎಸ್ ಇದೆ. ಮಗಳನ್ನು ಕೂರಿಸಿಕೊಂಡು ಬೆಂಗಳೂರು ಹೈವೇಗೆ ಇಳಿಯುವವರು ಈ ಒಂದು ವಿಷಯದಲ್ಲಿ ಚೌಕಾಸಿ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇವೆರಡೂ ಒಂದೇ ತಾಯಿಯ ಮಕ್ಕಳು. 1197 ಸಿಸಿಯ ಅದೇ ಇಂಜಿನ್ನು, ಅದೇ ಐದು ಗೇರು, ಅದೇ 37 ಲೀಟರ್ ಟ್ಯಾಂಕು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಎರಡರಲ್ಲೂ 2450 ಮಿಲಿಮೀಟರ್, ನೆಲದಿಂದ ಎತ್ತರ 163. ಉದ್ದ ಮಾತ್ರ ಬೇರೆ: ಸ್ವಿಫ್ಟ್ 3840, ಡಿಜೈರ್ 3995. ವ್ಯತ್ಯಾಸ 155 ಮಿಲಿಮೀಟರ್, ಸುಮಾರು ಆರಿಂಚು. ಡಿಜೈರ್‌ಗೆ ನಾವು ಹೆಚ್ಚಿಗೆ ಕೊಡುವ ದುಡ್ಡೆಲ್ಲ ಈ ಆರಿಂಚಿಗೆ, ಅದರಿಂದ ಹಿಂದಿನ ಸೀಟಿಗೂ ಡಿಕ್ಕಿಗೂ ಸಿಗುವ ಜಾಗಕ್ಕೆ.

3995 ಅನ್ನುವ ಅಂಕಿ ಎಲ್ಲಿಂದ ಬಂತು ಅಂತ ನನಗೂ ಕುತೂಹಲವಿತ್ತು. ನಾಲ್ಕು ಮೀಟರಿಗಿಂತ ಗಿಡ್ಡವಾಗಿದ್ದು, ಪೆಟ್ರೋಲ್ ಇಂಜಿನ್ನು 1200 ಸಿಸಿಯೊಳಗೆ ಇದ್ದರೆ ತೆರಿಗೆ ಕಡಿಮೆ. 2006ರ ಕೇಂದ್ರ ಬಜೆಟ್ಟಿನಿಂದ ಬಂದ ಪದ್ಧತಿ ಇದು. 2008ರಲ್ಲಿ ಬಂದ ಮೊದಲ ಡಿಜೈರ್ ನಾಲ್ಕು ಮೀಟರ್ ದಾಟುತ್ತಿತ್ತು. 2012ರಲ್ಲಿ ಹಿಂಭಾಗ ಕತ್ತರಿಸಿ 3995ಕ್ಕೆ ಇಳಿಸಿದರು. ಆ ಡಿಕ್ಕಿ 316 ಲೀಟರ್. 2017ರಲ್ಲಿ ಹೊಸದಾಗಿ ಮಾಡಿದಾಗ ಅದೇ ಉದ್ದದಲ್ಲಿ 378 ಲೀಟರ್ ಜಾಗ ಮಾಡಿದರು. ಸ್ವಿಫ್ಟಿನದು 268.

ಒಬ್ಬಳೇ ಓಡಿಸುವಾಗ ನನಗೆ ಸ್ವಿಫ್ಟೇ ಇಷ್ಟವಾಯಿತು. ಕೊರಟಗೆರೆ ರಸ್ತೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಟ್ರ್ಯಾಕ್ಟರು, ಹಾಲಿನ ಗಾಡಿ, ಸ್ಕೂಲ್ ವ್ಯಾನು ದಾಟಿಕೊಂಡು ಹೋಗುವಾಗ ಅದು ಹೇಳಿದ ಕಡೆ ತಿರುಗುತ್ತದೆ. ಮೂಲೆಯಲ್ಲಿ ಮೈ ವಾಲುವುದು ಕಡಿಮೆ. ಹಳ್ಳ ಬಿದ್ದ ಕಡೆ ಮಾತ್ರ ಏಟು ನೇರ ಸೊಂಟಕ್ಕೆ. ಡಿಜೈರ್ ಮೆತ್ತಗೆ ದಾಟಿಸುತ್ತದೆ, ಸ್ಟೇರಿಂಗಿನಲ್ಲಿ ಆ ಚುರುಕು ಇಲ್ಲ. ಮಂಡಿಪೇಟೆಯಲ್ಲಿ ಸಾಮಾನು ಇಳಿಸುವ ಲಾರಿಗಳ ನಡುವೆ ಸ್ವಿಫ್ಟನ್ನು ಒಂದೇ ಏಟಿಗೆ ನಿಲ್ಲಿಸಿದೆ, ಡಿಜೈರ್‌ಗೆ ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಹಿಂದೆ ನೋಡುವ ವಿಷಯದಲ್ಲಿ ಎರಡೂ ಕಷ್ಟವೇ. ಸ್ವಿಫ್ಟಿಗೆ ಹಿಂದಿನ ಕಂಬ ದಪ್ಪ, ಡಿಜೈರ್‌ನ ಡಿಕ್ಕಿ ಎಲ್ಲಿ ಮುಗಿಯುತ್ತದೆ ಅಂತ ಒಳಗೆ ಕೂತವರಿಗೆ ಕಾಣುವುದಿಲ್ಲ. 2019ರ ಜುಲೈಯಿಂದ ಎಲ್ಲ ಹೊಸ ಕಾರಿಗೂ ರಿವರ್ಸ್ ಸೆನ್ಸಾರ್ ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನ ಗಾಡಿ ತಗೊಳ್ಳುವವರು ಹೊರಗಡೆ ಹಾಕಿಸಲು ಎರಡು ಮೂರು ಸಾವಿರ ಎತ್ತಿಟ್ಟುಕೊಳ್ಳಿ.

ಮೈಲೇಜಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬಿ.ಎಚ್. ರಸ್ತೆಯ ಒಂದೇ ಬಂಕಿನಲ್ಲಿ ಎರಡಕ್ಕೂ ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದೆ. ಎರಡೂ ಲೀಟರಿಗೆ 17ರ ಹತ್ತಿರ ಬಂದವು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. 2018ರ ಗಾಡಿಯನ್ನು ಅದಕ್ಕೆ ಅಂತ ಮಾಡಿಲ್ಲ, ಆದ್ದರಿಂದ ಪೆಟ್ರೋಲ್ ಪೈಪು, ರಬ್ಬರುಗಳನ್ನು ಮೆಕ್ಯಾನಿಕ್‌ಗೆ ತೋರಿಸಿಕೊಳ್ಳಿ.

ಇನ್ನು ಹಿಂದಿನ ಸೀಟು. ದೇವರಾಯನದುರ್ಗದ ತಿರುವುಗಳಲ್ಲಿ ಮಗಳಿಗೆ ಯಾವಾಗಲೂ ಹೊಟ್ಟೆ ತೊಳಸುತ್ತದೆ. ಸ್ವಿಫ್ಟಿನ ಹಿಂದಿನ ಕಿಟಕಿಯ ಕೆಳಗಂಚು ಹಿಂದೆ ಹೋದಂತೆ ಮೇಲೇರುತ್ತದೆ, ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ಕು. ಮಕ್ಕಳ ಎತ್ತರಕ್ಕೆ ಹೊರಗಿನ ರಸ್ತೆ ಸರಿಯಾಗಿ ಕಾಣುವುದೇ ಇಲ್ಲ. ನಾಮದ ಚಿಲುಮೆ ದಾಟಿ ಸ್ವಲ್ಪ ದೂರಕ್ಕೆ ಗಾಡಿ ನಿಲ್ಲಿಸಬೇಕಾಯಿತು. ಡಿಜೈರ್‌ನಲ್ಲಿ ಕಿಟಕಿ ದೊಡ್ಡದು, ಒಳಗೆ ತಿಳಿಬಣ್ಣ, ಹಿಂದಿನವರಿಗೆ ಬೇರೆ ಎಸಿ ಗಾಳಿ ಬರುತ್ತದೆ. ಬೆಟ್ಟದ ಮೇಲಿನ ಯೋಗನರಸಿಂಹನ ಗುಡಿಯ ತನಕ ಮಗಳು ಏನೂ ಹೇಳದೆ ಬಂದಳು.

ಅತ್ತೆ ಡಿಜೈರ್‌ನ ಬಾಗಿಲು ತಾವೇ ತೆಗೆದರು. ಸೀಟಿನ ಮೇಲೆ ಕೂತು ಬಲಗಾಲನ್ನು ನಿಧಾನವಾಗಿ ಒಳಗಿಟ್ಟರು. ಮುಂದಿನ ಸೀಟನ್ನು ನನ್ನ ಅಳತೆಗೆ ಇಟ್ಟುಕೊಂಡ ಮೇಲೂ ಅವರ ಮೊಣಕಾಲಿಗೂ ಅದಕ್ಕೂ ನಡುವೆ ನನ್ನ ಅಂಗೈ ಅಡ್ಡ ಹಿಡಿಸುವಷ್ಟು ಜಾಗ ಇತ್ತು. ಚಕ್ರಗಳ ಅಂತರ ಒಂದೇ ಇದ್ದೂ ಇದು ಹೇಗೆ ಅಂದರೆ, ಡಿಜೈರ್‌ನಲ್ಲಿ ಹಿಂದಿನ ಸೀಟನ್ನೇ ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ. ದಾರಿಯುದ್ದಕ್ಕೂ ಅತ್ತೆ ತಮ್ಮ ತವರಿನ ಜಾತ್ರೆ ಸುದ್ದಿ ಹೇಳುತ್ತ ಬಂದರು. ಆಪರೇಷನ್ ಆದ ಮೇಲೆ ಅವರು “ನಾನು ಮನೇಲೇ ಇರ್ತೀನಿ, ನೀವು ಹೋಗಿಬನ್ನಿ” ಅನ್ನುವುದು ಅಭ್ಯಾಸವಾಗಿತ್ತು. ಆ ದಿನ ಇಳಿಯುವಾಗ “ಮುಂದಿನ ಸಲ ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋಗೋಣ್ವಾ?” ಅಂದರು. ನನ್ನ ಮನಸ್ಸು ಅರ್ಧ ಅಲ್ಲೇ ತೀರ್ಮಾನವಾಯಿತು.

ಅರ್ಧ ಅಂದದ್ದು ಯಾಕೆಂದರೆ ತೋಟದ ಪರೀಕ್ಷೆ ಬಾಕಿ ಇತ್ತು. ಸುಲಿದ ಕಾಯಿ ಐವತ್ತೈವತ್ತು ತುಂಬಿದ ಮೂರು ಚೀಲ ಡಿಜೈರ್‌ನ ಡಿಕ್ಕಿಯಲ್ಲಿ ಅಡ್ಡಲಾಗಿ ಮಲಗಿದವು, ಮೇಲೆ ಬಾಳೆಗೊನೆಗೂ ಜಾಗ ಆಯಿತು. ಸ್ವಿಫ್ಟಿನಲ್ಲಿ ಎರಡು ಚೀಲಕ್ಕೇ ಡಿಕ್ಕಿ ತುಂಬಿ, ಮೂರನೆಯದನ್ನು ಮಗಳ ಪಕ್ಕ ಸೀಟಿನ ಮೇಲೆ ಇಟ್ಟೆವು. ಮತ್ತೆ ತೋಟಕ್ಕೆ ಹೋಗುವಾಗ ಎರಡು ಚೀಲ ಬೇವಿನ ಹಿಂಡಿ ಒಯ್ದೆವು. ಸ್ವಿಫ್ಟಿನಲ್ಲಿ ಡಿಕ್ಕಿಯೂ ನಾವು ಕೂತಿರುವುದೂ ಒಂದೇ ಕೋಣೆ ಇದ್ದಂತೆ. ಎಸಿ ಹಾಕಿದರೂ ಆ ಕಮಟು ಗುಬ್ಬಿಯವರೆಗೆ ಬಿಡಲಿಲ್ಲ, ಮಾರನೆಯ ದಿನ ಸ್ಕೂಲಿಗೆ ಹೋಗುವಾಗಲೂ ಇತ್ತು. ಡಿಜೈರ್‌ನಲ್ಲಿ ಡಿಕ್ಕಿ ಬೇರೆಯೇ ಪೆಟ್ಟಿಗೆ. ಕೃಷಿ ಸಾಮಾನು ಸಾಗಿಸುವವರಿಗೆ ಇದು ಲೀಟರ್ ಲೆಕ್ಕಕ್ಕಿಂತ ದೊಡ್ಡ ಸಂಗತಿ.

ಆದರೆ ಡ್ರಿಪ್ ಪೈಪಿನ ಸುರುಳಿ ಡಿಜೈರ್‌ಗೆ ಹೋಗಲಿಲ್ಲ. ಡಿಕ್ಕಿ ಒಳಗೆ ಅಗಲವಾಗಿದ್ದರೂ ಬಾಯಿ ಕಿರಿದು, ಹಿಂದಿನ ಸೀಟು ಮಡಚುವುದಿಲ್ಲ. ಸ್ವಿಫ್ಟಿನಲ್ಲಿ ಸೀಟಿನ ಬೆನ್ನು ಮಡಚಿ, ಹಿಂದಿನ ಬಾಗಿಲು ಪೂರ್ತಿ ಮೇಲೆತ್ತಿ ಸುರುಳಿಯನ್ನು ಸಲೀಸಾಗಿ ತಳ್ಳಿದೆವು, ಜೊತೆಗೆ ಮಗಳ ಸೈಕಲ್ಲೂ ಬಂತು. ಇನ್ನೊಂದು ತೊಂದರೆ ತೋಟದ ಬಾಗಿಲಲ್ಲಿ ಗೊತ್ತಾಯಿತು. ಅಲ್ಲಿ ಮೋರಿ ದಾಟಿ ಕಡಿದಾಗಿ ಇಳಿಯಬೇಕು. ಡಿಜೈರ್‌ನ ಹೆಚ್ಚಿನ ಉದ್ದ ಇರುವುದು ಹಿಂದಿನ ಚಕ್ರದಾಚೆ. ಮೂರು ಚೀಲ ಕಾಯಿ, ಹಿಂದೆ ಮೂರು ಜನ ಇದ್ದಾಗ ಬಾಲ ತಗ್ಗಿ ಬಂಪರ್ ಕಲ್ಲಿಗೆ ಉಜ್ಜಿತು. ಖಾಲಿ ಇದ್ದಾಗ ಏನೂ ಆಗಲಿಲ್ಲ. ಸ್ವಿಫ್ಟ್ ಅಷ್ಟೇ ತೂಕ ಹೊತ್ತು ಅದೇ ಮೋರಿ ಸುಮ್ಮನೆ ದಾಟಿತ್ತು. ಈಗ ನಾವು ಜನರನ್ನು ರಸ್ತೆಯಲ್ಲೇ ಇಳಿಸಿ ಗಾಡಿ ಒಳಗೆ ಬಿಡುತ್ತೇವೆ.

ಹಳೇ ಗಾಡಿ ಅಂದಮೇಲೆ ಮಾಡೆಲಿಗಿಂತ ಅದರ ಹಿಂದಿನ ಬದುಕು ಮುಖ್ಯ, ಇವೆರಡಕ್ಕೆ ಬರುವ ಕಾಯಿಲೆಯೂ ಬೇರೆ ಬೇರೆ. ಡಿಜೈರ್ ಟ್ಯಾಕ್ಸಿಗೆ ಹೆಚ್ಚು ಓಡುವ ಕಾರು. ಈ ಎರಡಕ್ಕೂ ಮೊದಲು ನಾವು ಒಬ್ಬ ವ್ಯಾಪಾರಿಯ ಹತ್ತಿರ ಪಳಪಳ ಹೊಳೆಯುವ ಒಂದು ಬಿಳಿ ಡಿಜೈರ್ ನೋಡಿದ್ದೆವು. ಮೀಟರಿನಲ್ಲಿ 48 ಸಾವಿರ. ನಮ್ಮ ಗ್ಯಾರೇಜಿನ ಅಣ್ಣ ಬಾನೆಟ್ ಎತ್ತುವ ಮೊದಲೇ ಕ್ಲಚ್ ಪೆಡಲ್ ತೋರಿಸಿದರು: “ನೋಡಿ ಮೇಡಂ, ರಬ್ಬರಿನ ಗೆರೆ ಪೂರ್ತಿ ಸವೆದಿದೆ. ಇದು ನಲವತ್ತೆಂಟು ಸಾವಿರದ ಕಾಲಲ್ಲ.” ಡ್ಯಾಶ್‌ಬೋರ್ಡಿನಲ್ಲಿ ಏನನ್ನೋ ಕಿತ್ತು ಮುಚ್ಚಿದ ಎರಡು ಸ್ಕ್ರೂ ತೂತಿದ್ದವು. ಸರ್ವಿಸ್ ದಾಖಲೆ ತೆಗೆಸಿದಾಗ 2021ರಲ್ಲೇ 71 ಸಾವಿರ ದಾಟಿತ್ತು. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಗಿದ್ದ ಗಾಡಿ ಅದು. ಹಾಗೆ ಬದಲಾಯಿಸುವುದಕ್ಕೆ ಕಾನೂನಿನಲ್ಲಿ ದಾರಿಯಿದೆ, ಅದು ತಪ್ಪಲ್ಲ. ನಮ್ಮಂಥವರ ಮೂರ್ನಾಲ್ಕು ವರ್ಷದ ಉಳಿತಾಯವನ್ನು ಮೀಟರ್ ತಿರುಗಿಸಿ ತಿನ್ನಲು ಹೊರಟದ್ದು ತಪ್ಪು. ನನಗೆ ಈಗಲೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಸ್ವಿಫ್ಟಿನಲ್ಲಿ ಭಯ ಇನ್ನೊಂದು ತರಹದ್ದು. ಹುಡುಗರು ಎಳೆದಾಡಿದ ಗಾಡಿಗಳು ಬಹಳ. ದೊಡ್ಡ ಅಲಾಯ್ ವೀಲು, ಸದ್ದು ಮಾಡುವ ಸೈಲೆನ್ಸರ್ ಹಾಕಿ ತೆಗೆದ ಗುರುತಿದ್ದರೆ ಅಲ್ಲೇ ಬಿಟ್ಟುಬಿಡಿ. ಗುದ್ದಿದ ಗಾಡಿಯೋ ಅಂತ ತಿಳಿಯಲು ಬಾಗಿಲಿನ ಬೀಡಿಂಗ್ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕಿಗಳು ಒಂದೇ ಸಮ ಇವೆಯೇ ನೋಡಬೇಕು. ಡಿಜೈರ್ ಆದರೆ ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ತೆಗೆದು ಆ ಗುಂಡಿಯನ್ನೂ ನೋಡಿ; ಹಿಂದಿನಿಂದ ಗುದ್ದಿಸಿಕೊಂಡಿದ್ದರೆ ಅಲ್ಲಿ ತಗಡು ಸುಕ್ಕುಗಟ್ಟಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತದೆ. 3218 ಅಂದರೆ 2018ರ 32ನೇ ವಾರದಲ್ಲಿ ತಯಾರಾದದ್ದು. ನಾವು ತಗೊಂಡ ಗಾಡಿಯ ಟೈರುಗಳು ಹುಟ್ಟಿನಿಂದ ಬಂದವೇ ಆಗಿದ್ದವು, ಹಲ್ಲಿದ್ದರೂ ರಬ್ಬರ್ ಬಿರುಕು ಬಿಟ್ಟಿತ್ತು. ಅದನ್ನು ತೋರಿಸಿ 18 ಸಾವಿರ ಇಳಿಸಿದೆ.

ದರದ ವಿಷಯಕ್ಕೆ ಬಂದರೆ, ಸ್ವಿಫ್ಟಿಗೆ 4 ಲಕ್ಷ 85 ಸಾವಿರ ಹೇಳಿದ್ದರು, ಡಿಜೈರ್‌ಗೆ 5 ಲಕ್ಷ 40 ಸಾವಿರ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದು ಹೊಸ ಗಾಡಿಯ ಬೆಲೆಯೇ ಕಡಿಮೆಯಾಗಿದೆ. ಇದನ್ನು ಮುಂದಿಟ್ಟು ಮಾತಾಡಿದೆ. ಟೈರಿನ ದುಡ್ಡೂ ಕಳೆದು ಡಿಜೈರ್ 5 ಲಕ್ಷ 15 ಸಾವಿರಕ್ಕೆ ಕುದುರಿತು.

ಕಾಗದ ಪತ್ರದಲ್ಲಿ ಒಂದು ತೊಡಕಿತ್ತು. ಆ ನಿವೃತ್ತ ಬ್ಯಾಂಕ್ ನೌಕರರು ಕಾರಿನ ಸಾಲ ಯಾವತ್ತೋ ತೀರಿಸಿದ್ದರು, ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಮಾತ್ರ ಬ್ಯಾಂಕಿನ ಹೆಸರು ಹಾಗೇ ಇತ್ತು. ಸಾಲ ತೀರಿದೆ, ತಕರಾರಿಲ್ಲ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ) ತಂದು, ಫಾರಂ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ದುಡ್ಡು ಕೊಡುತ್ತೇನೆ ಅಂದೆ, ಅವರೂ ಬೇಸರ ಮಾಡಿಕೊಳ್ಳಲಿಲ್ಲ. ಮೂರು ವಾರ ಹಿಡಿಯಿತು. ಆಮೇಲೆ ಫಾರಂ 29, 30 ಕೊಟ್ಟು ಹೆಸರು ಬದಲಾಯಿಸಿದೆವು. ಇನ್ಶೂರೆನ್ಸನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೇ ಮಾಲೀಕರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಮಗೆ ಬರುವುದಿಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಆರ್‌ಸಿ 2033ರ ತನಕ ಇದೆ.

ಮನೆಯಲ್ಲಿ ಗಂಡ ಹೆಂಡತಿ, ಒಂದು ಸಣ್ಣ ಮಗು ಇದ್ದು, ಪೇಟೆಯೊಳಗೇ ಓಡಾಟ ಇರುವವರಿಗೆ ನಾನು ಸ್ವಿಫ್ಟನ್ನೇ ಹೇಳುತ್ತೇನೆ. ಆ ಸಹೋದ್ಯೋಗಿಯ ಗಾಡಿಯನ್ನು ನಮ್ಮ ಸ್ಕೂಲಿನ ಹೊಸ ವಿಜ್ಞಾನ ಮೇಷ್ಟ್ರಿಗೆ ನಾನೇ ಹೇಳಿ ಕೊಡಿಸಿದೆ. ಕೊರಟಗೆರೆ ರಸ್ತೆಯಲ್ಲಿ ಬೆಳಿಗ್ಗೆ ಅವರು ನನ್ನನ್ನು ದಾಟಿಕೊಂಡು ಹೋಗುತ್ತಾರೆ. ಈ ಶುಕ್ರವಾರ ಸಂಜೆ ಅತ್ತೆಯನ್ನು ಗೊರವನಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಪಕ್ಕದ ಮನೆಯ ಅಜ್ಜಿಯೂ ಬರುತ್ತಾರಂತೆ.