ಕಲಬುರಗಿ ಬಿಸಿಲಿಗೆ ಯಾವ ಕೋರಿ ತಾಳುತ್ತದೆ? ಬ್ರಾಂಜ್, ಸ್ಟರ್ಬೈ, ಪೆಪ್ಪರ್ಡ್, ಪಾಂಡಾ: ಒಂದು ವಿಮರ್ಶೆ

ಕೋರಿಡೋರಸ್, ಅಂಗಡಿಯವರ ಬಾಯಲ್ಲಿ ಬರೀ ‘ಕೋರಿ’. ದಕ್ಷಿಣ ಅಮೆರಿಕದ ಹೊಳೆ, ಕಾಲುವೆಗಳ ತಳದಲ್ಲಿ ಗುಂಪುಗುಂಪಾಗಿ ಮೇಯುವ ಮೀಸೆ ಮೀನು, ನಮ್ಮಲ್ಲಿ ಅಕ್ವೇರಿಯಂ ತೊಟ್ಟಿಯಲ್ಲಿ ಸಾಕುತ್ತಾರೆ. ಇಲ್ಲಿ ಸುಲಭವಾಗಿ ಸಿಗುವುದು ಕಂದು-ಹಸಿರು ಹೊಳಪಿನ ಬ್ರಾಂಜ್ ಮತ್ತು ಬಿಳಿ ಮೈ, ಕೆಂಪು ಕಣ್ಣಿನ ಆಲ್ಬಿನೊ. ಮೊದಲೇ ಹೇಳಿಟ್ಟರೆ ಪೆಪ್ಪರ್ಡ್, ಪಾಂಡಾ, ಸ್ಟರ್ಬೈ ಕೂಡ ತರಿಸಬಹುದು. ಫೋಟೋದಲ್ಲಿ ಎಲ್ಲವೂ ಚೆಂದ. ಆದರೆ ಏಪ್ರಿಲ್-ಮೇನಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಚೆಂದ ನೋಡಿ ಮೀನು ಆರಿಸಬಾರದು. ಮೇ ತಿಂಗಳ ಮಧ್ಯಾಹ್ನ ನಿಮ್ಮ ತೊಟ್ಟಿಯ ನೀರು ಎಷ್ಟು ಡಿಗ್ರಿಗೆ ನಿಲ್ಲುತ್ತದೆ ಎಂಬುದನ್ನು ನೋಡಿ ಆರಿಸಬೇಕು. ಈ ವಿಮರ್ಶೆಯ ಅಂಕಗಳೂ ಅದೇ ಲೆಕ್ಕದವು.

ಬ್ರಾಂಜ್‌ಗೆ ಐದಕ್ಕೆ ನಾಲ್ಕೂವರೆ. 1858ರಲ್ಲಿ ಟ್ರಿನಿಡಾಡ್ ದ್ವೀಪದ ಮೀನಿನಿಂದ ಇದನ್ನು ಮೊದಲು ವರ್ಣಿಸಿದರು. ಕಾಡಿನಲ್ಲಿ ಇದರ ಹರವು ಕೊಲಂಬಿಯಾದಿಂದ ಲಾ ಪ್ಲಾಟಾ ನದಿಯ ಕೊಳ್ಳದವರೆಗೂ ಇದೆ. ಇಷ್ಟು ಬಗೆಯ ನೀರು ಕಂಡ ಜಾತಿಯಾದ್ದರಿಂದ ಹೊಂದಿಕೊಳ್ಳುವ ಗುಣವೂ ಹೆಚ್ಚು. 22ರಿಂದ 27 ಡಿಗ್ರಿ ಇದಕ್ಕೆ ಹಿತ. ಗಾಳಿಯಾಟ ಚೆನ್ನಾಗಿದ್ದರೆ ಕೆಲವು ದಿನ 29-30ನ್ನೂ ತಡೆದುಕೊಳ್ಳುತ್ತದೆ. ಈಗ ಮಾರಾಟಕ್ಕೆ ಬರುವವು ಹೆಚ್ಚಾಗಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು, ಗಡಸು ನೀರಿಗೂ ಒಗ್ಗಿದವು. ಆರೇಳು ಸೆಂಟಿಮೀಟರ್ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದವರೆಗೂ ಬದುಕುತ್ತದೆ. ಅರ್ಧ ಅಂಕ ಕಳೆದದ್ದು ಮೀನಿನ ತಪ್ಪಿಗಲ್ಲ. ಆಲ್ಬಿನೊಗಳಿಗೆ ಗುಲಾಬಿ, ಹಸಿರು, ನೀಲಿ ಬಣ್ಣ ತುಂಬಿ ಮಾರುವ ಕೆಟ್ಟ ಪದ್ಧತಿ ಇನ್ನೂ ನಿಂತಿಲ್ಲ, ಅದಕ್ಕೆ. ಬಣ್ಣ ಹಾಕಿದ ಮೀನು ನೋವುಂಡು ಬಂದ ಮೀನು. ರೋಗ ಬೇಗ ತಗಲುತ್ತದೆ, ಬಣ್ಣವೂ ಕೆಲವು ತಿಂಗಳಲ್ಲಿ ಹೋಗುತ್ತದೆ. ಯಾರೂ ಕೊಳ್ಳದಿದ್ದರೆ ಮಾತ್ರ ಈ ದಂಧೆ ನಿಲ್ಲುತ್ತದೆ. ಇನ್ನೊಂದು ಮಾತು: ಪೆಪ್ಪರ್ಡ್‌ಗೂ ಆಲ್ಬಿನೊ ರೂಪ ಉಂಟು, ಎರಡನ್ನೂ ಬೆರೆಸಿ ಕೊಡುವುದಿದೆ. ಯಾವುದರ ಆಲ್ಬಿನೊ ಎಂದು ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಮಾಮೂಲಿ ಬ್ರಾಂಜನ್ನೇ ಕೇಳಿ.

ಸ್ಟರ್ಬೈಗೆ ನಾಲ್ಕು. ಬ್ರೆಜಿಲ್-ಬೊಲಿವಿಯಾ ಗಡಿಯ ಗ್ವಾಪೊರೆ ನದಿಯ ಮೀನು, 1962ರಲ್ಲಿ ಹೆಸರು ಪಡೆಯಿತು. ಕಪ್ಪು ತಲೆಯ ಮೇಲೆ ಬಿಳಿ ಚುಕ್ಕಿ, ಎದೆಯ ರೆಕ್ಕೆಗೆ ಕಿತ್ತಳೆ ಅಂಚು. 24ರಿಂದ 28 ಡಿಗ್ರಿಯಲ್ಲಿ ನಿರಾಳವಾಗಿರುವ ಕೋರಿಗಳು ಕಡಿಮೆ, ಅವುಗಳಲ್ಲಿ ಇದೊಂದು. ಬೆಚ್ಚನೆ ನೀರು ಬೇಡುವ ಡಿಸ್ಕಸ್ ಮೀನು ಸಾಕುವವರು ಇದನ್ನೇ ಆರಿಸುವುದು ಈ ಕಾರಣಕ್ಕೆ. ಬಿಸಿಲಿನ ವಿಷಯಕ್ಕೆ ಬಂದರೆ ಬ್ರಾಂಜ್‌ಗಿಂತ ಇದೇ ಮೇಲು. ಬೆಲೆ ಮಾತ್ರ ಹಲವು ಪಟ್ಟು. ಆರು ಮೀನು ಕೊಳ್ಳುವಷ್ಟು ಹಣವಿಲ್ಲದೆ ಎರಡೇ ತಂದರೆ ಅವು ಕಲ್ಲಿನ ಸಂದಿಯಲ್ಲಿ ಅಡಗಿ ಕೂರುತ್ತವೆ. ಎರಡು ಸ್ಟರ್ಬೈಗಿಂತ ಆರು ಬ್ರಾಂಜ್ ಒಳ್ಳೆಯದು.

ಪೆಪ್ಪರ್ಡ್‌ಗೆ ಕಲಬುರಗಿ, ಯಾದಗಿರಿಯಲ್ಲಿ ಎರಡೇ ಅಂಕ. ಮೀನು ಗಟ್ಟಿಯದೇ. ಬೀಗಲ್ ಹಡಗಿನ ಯಾನದಲ್ಲಿ ಡಾರ್ವಿನ್ ಸಂಗ್ರಹಿಸಿದ, 1842ರಲ್ಲಿ ಜೆನಿನ್ಸ್ ವರ್ಣಿಸಿದ ಮೀನು ಇದು. ಆದರೆ ಅದರ ತವರು ದಕ್ಷಿಣ ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾ ಕಡೆಯ ತಂಪು ನೀರು. 18ರಿಂದ 23 ಡಿಗ್ರಿ ಬೇಡುವ ಮೀನನ್ನು 31 ಡಿಗ್ರಿಯಲ್ಲಿಟ್ಟರೆ ಅದರ ದೇಹದ ವೇಗ ಹೆಚ್ಚುತ್ತದೆ, ಆಮ್ಲಜನಕದ ಹಸಿವು ಹೆಚ್ಚುತ್ತದೆ, ಆಯಸ್ಸು ಕರಗುತ್ತದೆ. ಬೀದರಿನ ಎತ್ತರದ ಸೀಮೆಯಲ್ಲಿ, ಬಿಸಿಲು ಬೀಳದ ದಪ್ಪ ಗೋಡೆಯ ಕೋಣೆಯಲ್ಲಿ, ಫ್ಯಾನ್ ಇಟ್ಟು ನೋಡಿಕೊಳ್ಳುವವರು ಯೋಚಿಸಬಹುದು. ಪಾಂಡಾಗೆ ಒಂದೂವರೆ: ತಂಪೂ ಬೇಕು, ಪ್ರಯಾಣದಲ್ಲೂ ಸೂಕ್ಷ್ಮ. ಹೊಸಬರು ಕೊಳ್ಳಬೇಡಿ.

ನಾಲ್ಕಕ್ಕೂ ಅನ್ವಯಿಸುವ ಮಾತು ಒಂದಿದೆ. ‘ತಳದ ಕೊಳೆ ತಿಂದು ಸ್ವಚ್ಛ ಮಾಡುತ್ತದೆ’ ಎಂದು ಮಾರಿದರೆ ಆ ಮಾತನ್ನು ನಂಬಬೇಡಿ. ಕೋರಿ ಹಿಕ್ಕೆ ತಿನ್ನುವುದಿಲ್ಲ, ಪಾಚಿಯನ್ನೂ ತಿನ್ನುವುದಿಲ್ಲ. ಕಾಡಿನಲ್ಲಿ ಮರಳಿನೊಳಗಿನ ಹುಳು, ಕೀಟದ ಮರಿಗಳೇ ಇದರ ಊಟ. ತೊಟ್ಟಿಯಲ್ಲಿ ಮುಳುಗುವ ಪೆಲೆಟ್ ಅಥವಾ ವೇಫರ್ ಹಾಕಬೇಕು, ವಾರಕ್ಕೆ ಒಂದೆರಡು ಸಲ ಹೆಪ್ಪುಗಟ್ಟಿಸಿದ ಕೆಂಪು ಹುಳು, ಅಂದರೆ ಫ್ರೋಜನ್ ಬ್ಲಡ್‌ವರ್ಮ್. ಗಪ್ಪಿ, ಮೋಲಿ ಜೊತೆಗಿದ್ದರೆ ದೀಪ ಆರಿಸಿ ಅರ್ಧ ಗಂಟೆಯ ನಂತರ ಹಾಕಿ, ಇಲ್ಲವಾದರೆ ಒಂದು ಚೂರೂ ತಳಕ್ಕೆ ಮುಟ್ಟುವುದಿಲ್ಲ. ಎರಡು ಗಂಟೆಯ ನಂತರವೂ ಉಳಿದದ್ದನ್ನು ಪೈಪಿನಿಂದ ಎಳೆದು ತೆಗೆಯಿರಿ. ಚರಂಡಿಯ ಜೀವಂತ ಟ್ಯುಬಿಫೆಕ್ಸ್ ಹುಳು ಬೇಡವೇ ಬೇಡ.

ಇನ್ನು ಮರಳು. ಮೀನಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ, ಏಕೆಂದರೆ ‘ಫುಲ್ ಸೆಟ್’ ಎಂದು ಕೊಡುವ ತೊಟ್ಟಿಗಳಲ್ಲಿ ಬಣ್ಣದ ಜಲ್ಲಿಯೇ ಬರುತ್ತದೆ. ಕೋರಿ ಮೂತಿಯನ್ನು ಕಣ್ಣಿನವರೆಗೂ ಮರಳಿನಲ್ಲಿ ಹೂತು, ಬಾಯಿ ತುಂಬಾ ಮರಳು ತೆಗೆದುಕೊಂಡು, ಊಟ ಜರಡಿ ಹಿಡಿದು, ಉಳಿದ ಮರಳನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಜಲ್ಲಿಯಲ್ಲಿ ಇದು ಆಗದ ಕೆಲಸ. ಊಟ ಸಂದಿಗೆ ಇಳಿದು ಕೊಳೆಯುತ್ತದೆ, ಮೀಸೆ ತುಂಡಾಗುತ್ತಾ ಬರುತ್ತದೆ. ಚೂಪು ಅಂಚು ಗಾಯ ಮಾಡುತ್ತದೆ, ಕೊಳೆತ ತಳದ ಬ್ಯಾಕ್ಟೀರಿಯಾ ಆ ಗಾಯವನ್ನು ಬೆಳೆಸುತ್ತದೆ. ಎರಡನ್ನೂ ತಡೆಯಬೇಕು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಕಲ್ಲು ಒಡೆದು ಮಾಡಿದ್ದು, ಪ್ರತಿ ಕಣಕ್ಕೂ ಮೂಲೆ ಇರುತ್ತದೆ, ಅದನ್ನು ಹಾಕಬೇಡಿ. ನದಿಯ ನುಣುಪು ಮರಳು ಆಗುತ್ತದೆ, ಆದರೆ ನಮ್ಮ ಕಡೆಯ ಮರಳಿನಲ್ಲಿ ಎರೆಭೂಮಿಯ ಸುಣ್ಣಕಲ್ಲಿನ ಚೂರು ಸೇರಿರುವುದುಂಟು. ಒಂದು ಹಿಡಿ ಒಣಮರಳಿನ ಮೇಲೆ ವಿನೆಗರ್ ಅಥವಾ ನಿಂಬೆರಸ ಹಿಂಡಿ. ನೊರೆ ಎದ್ದರೆ ಸುಣ್ಣವಿದೆ ಎಂದು ಅರ್ಥ, ಬಿಟ್ಟುಬಿಡಿ. ನೊರೆ ಬರದಿದ್ದರೆ ಒಂದು ಮಿಲಿಮೀಟರ್ ಜರಡಿಯಲ್ಲಿ ಸೋಸಿ, ಬಕೆಟ್ಟಿನಲ್ಲಿ ತಿಳಿನೀರು ಬರುವವರೆಗೂ ತೊಳೆಯಿರಿ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಗೆ ಎರಡೂವರೆ ಸೆಂ.ಮೀ. ದಪ್ಪ ಹಾಸಲು ಏಳು ಕಿಲೊ ಸಾಕು. ಇದಕ್ಕಿಂತ ದಪ್ಪ ಹಾಕಿದರೆ ತಳ ಉಸಿರುಗಟ್ಟುತ್ತದೆ. ಸಿಗುವುದಾದರೆ ಈಜುಕೊಳದ ಫಿಲ್ಟರಿಗೆ ಬಳಸುವ ಸಿಲಿಕಾ ಮರಳು ಇನ್ನೂ ಒಳ್ಳೆಯದು.

ಅಲಂಕಾರಕ್ಕೆಂದು ಮನೆಯಲ್ಲಿ ಉಳಿದ ಶಹಾಬಾದ್ ಫರ್ಸಿಯ ತುಂಡುಗಳನ್ನು ಗುಹೆಯಂತೆ ಜೋಡಿಸುವವರು ಬಹಳ. ನೋಡಲು ಚೆಂದವೇ. ಆದರೆ ಅದು ಸುಣ್ಣದ ಕಲ್ಲು, ನಿಧಾನವಾಗಿ ಕರಗಿ ನೀರಿನ ಗಡಸುತನ ಏರಿಸುತ್ತದೆ. ನಮ್ಮ ಬೋರ್ ನೀರು ಮೊದಲೇ ಗಡಸು, ಅದಕ್ಕೆ ಇನ್ನಷ್ಟು ಸುಣ್ಣ ಬೇಕಿಲ್ಲ. ಬದಲಿಗೆ ಯಾದಗಿರಿ ಕಡೆಯ ಗ್ರಾನೈಟ್ ಕಲ್ಲು, ಮಣ್ಣಿನ ಮಡಿಕೆಯ ಅಂಚು ಉಜ್ಜಿದ ಅರ್ಧಹೋಳು ಇಡಬಹುದು.

ನೀರಿನ ವಿಷಯದಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿಸುವ ಬಾಟಲಿಗಳಿಗೆ ದುಡ್ಡು ಹಾಕಬೇಡಿ. ಗಡಸು ನೀರಿನಲ್ಲಿ ಪಿಎಚ್ ಒಂದು ದಿನ ಇಳಿದು ಮತ್ತೆ ಏರುತ್ತದೆ, ಆ ಏರಿಳಿತವೇ ಮೀನನ್ನು ಕೊಲ್ಲುತ್ತದೆ. ಬೋರ್ ನೀರು ತೀರಾ ಗಡಸಾಗಿದ್ದರೆ ಅರ್ಧ ಬೋರ್, ಅರ್ಧ ಆರ್‌ಒ ಬೆರೆಸಿ, ಪ್ರತಿ ಸಲ ಅದೇ ಪ್ರಮಾಣದಲ್ಲಿ. ನಳದ ನೀರಾದರೆ ಆಂಟಿ-ಕ್ಲೋರಿನ್ ಹಾಕಿ. ಬೋರ್ ನೀರನ್ನು ಡ್ರಮ್ಮಿನಲ್ಲಿ ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಬಿಟ್ಟು ಒಂದು ದಿನ ಇಟ್ಟು ಬಳಸಿ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚು, ಅದರ ನಿಜವಾದ ಅಪಾಯ ಹಿಕ್ಕೆ, ಉಳಿದ ಊಟದಿಂದ ಬರುವ ಅಮೋನಿಯಾದಲ್ಲಿದೆ. ಪಿಎಚ್ 8, 30 ಡಿಗ್ರಿ ಇರುವ ನೀರಿನಲ್ಲಿ ಅಮೋನಿಯಾದ ವಿಷಭಾಗ ಪಿಎಚ್ 7, 25 ಡಿಗ್ರಿ ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಬೆಂಗಳೂರಿನಲ್ಲಿ ನಡೆದುಹೋಗುವ ಸಣ್ಣ ಅಜಾಗರೂಕತೆ ಇಲ್ಲಿ ಬೇಸಿಗೆಯಲ್ಲಿ ನಡೆಯುವುದಿಲ್ಲ. ಹೊಸ ತೊಟ್ಟಿಯ ಫಿಲ್ಟರ್ ಪಕ್ವವಾಗಲು, ಅಂದರೆ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಸಲು, ನಾಲ್ಕರಿಂದ ಆರು ವಾರ ಕೊಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆಯೇ ಮೀನು ತನ್ನಿ. ಫಿಲ್ಟರ್ ದುಬಾರಿಯದು ಬೇಡ, ಏರ್ ಪಂಪಿಗೆ ಜೋಡಿಸಿದ ಎರಡು ಸ್ಪಂಜಿನದು ಕೋರಿಗೆ ಹೇಳಿ ಮಾಡಿಸಿದಂತಿರುತ್ತದೆ. ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಬೇಸಿಗೆಗೆ ಇಲ್ಲಿ ಒಂದು ಅನುಕೂಲವಿದೆ: ಒಣಗಾಳಿ. ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುವ ಊರಿನಲ್ಲಿ ತೊಟ್ಟಿಯ ಮೇಲಿನ ಸಣ್ಣ ಫ್ಯಾನೂ ಕೆಲಸ ಮಾಡುತ್ತದೆ. ಮುಚ್ಚಳ ತೆಗೆದು ಜಾಳಿಗೆ ಹಾಕಿ, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸಿದರೆ ಆವಿಯಿಂದಲೇ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಆವಿಯಾಗಿ ಹೋಗುವುದು ಬರೀ ನೀರು, ಲವಣವೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದ ನೀರನ್ನು ಆರ್‌ಒ ನೀರಿನಿಂದಲೇ ತುಂಬಿ. ಐಸ್ ಗಡ್ಡೆ ಹಾಕುವುದು ಬೇಡ, ಒಂದೇ ಗಂಟೆಯಲ್ಲಿ ಐದು ಡಿಗ್ರಿ ಇಳಿದು ಮತ್ತೆ ಏರಿದರೆ ಬಿಸಿಲಿಗಿಂತ ಅದೇ ಹೆಚ್ಚು ಕೇಡು. ಬಿಸಿನೀರು ಆಮ್ಲಜನಕವನ್ನೂ ಕಡಿಮೆ ಹಿಡಿಯುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ, 30ರಲ್ಲಿ ಏಳೂವರೆ. ಹಾಗಾಗಿ ಮಾರ್ಚಿನಿಂದ ಜೂನ್‌ವರೆಗೆ ಏರ್ ಪಂಪ್ ರಾತ್ರಿಯೂ ನಿಲ್ಲಬಾರದು. ಕರೆಂಟು ಹೋಗುವ ಬಡಾವಣೆಯಾದರೆ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ.

ಕೋರಿ ಆಗಾಗ ಬಾಣದಂತೆ ಮೇಲೆ ಹಾರಿ ಗಾಳಿ ನುಂಗುವುದನ್ನು ನೋಡಿ ಗಾಬರಿಯಾಗಬೇಡಿ. ನುಂಗಿದ ಗಾಳಿಯಿಂದ ಕರುಳಿನ ಹಿಂಭಾಗ ಆಮ್ಲಜನಕ ಹೀರಿಕೊಳ್ಳುತ್ತದೆ, ಅದು ಹುಟ್ಟುಗುಣ. ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕೈದು ಸೆಂ.ಮೀ. ಜಾಗ ಬಿಟ್ಟಿರಬೇಕು, ಅಷ್ಟೇ. ಎಲ್ಲ ಮೀನುಗಳೂ ಬಿಡದೆ ಮೇಲೆ-ಕೆಳಗೆ ಓಡುತ್ತಿದ್ದರೆ ಮಾತ್ರ ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿದು ಮೂರನೇ ಒಂದು ಭಾಗ ನೀರು ಬದಲಿಸಿ, ಪಂಪಿನ ಗಾಳಿ ಹೆಚ್ಚಿಸಿ.

ಕೊಳ್ಳುವ ದಿನ ತೊಟ್ಟಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಮೀಸೆಗಳು ಉದ್ದಕ್ಕೆ, ಜೊತೆಜೊತೆಯಾಗಿ ಇರಬೇಕು. ಹೊಟ್ಟೆ ಒಳಕ್ಕೆ ಬಿದ್ದಿರಬಾರದು, ಹೊಟ್ಟೆಯ ಅಡಿಯಲ್ಲಿ ಕೆಂಪು ಮಚ್ಚೆ ಇರಬಾರದು. ತೊಟ್ಟಿಯಲ್ಲಿ ಒಂದು ಸತ್ತ ಮೀನಿದ್ದರೂ ಅಂದು ಬೇಡ. ಹೊಸ ಲಾಟ್ ಬಂದ ದಿನವೇ ತರಬೇಡಿ, ಒಂದು ವಾರ ಅಂಗಡಿಯಲ್ಲೇ ನಿಲ್ಲಲಿ. ಒಳ್ಳೆಯ ಅಂಗಡಿಯವರು ಮುಂಗಡ ಪಡೆದು ಮೀನು ಕಾದಿಡುತ್ತಾರೆ. ಕಾದಿಡಲು ಒಪ್ಪುವ, ಕೇಳಿದರೆ ಮೀನಿಗೆ ಊಟ ಹಾಕಿ ತೋರಿಸುವ ಅಂಗಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬ್ಯಾಗಿನ ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಕೋರಿಯ ಬೆನ್ನು ಮತ್ತು ಎದೆಯ ರೆಕ್ಕೆಗಳ ಮುಂದಿನ ಮುಳ್ಳು ಬಿಗಿಯಾಗಿ ನಿಲ್ಲುತ್ತದೆ, ತೆಳು ಪ್ಲಾಸ್ಟಿಕ್ಕನ್ನು ಚುಚ್ಚುತ್ತದೆ, ಬಲೆಗೂ ಸಿಕ್ಕಿಕೊಳ್ಳುತ್ತದೆ. ಬಲೆಯ ಬದಲು ಡಬ್ಬಿಯಲ್ಲಿ ಹಿಡಿಯಲು ಹೇಳಿ, ಜೋಡಿ ಬ್ಯಾಗ್ ಹಾಕಿಸಿ. ತೀರಾ ಹೆದರಿದಾಗ ಎದೆಯ ರೆಕ್ಕೆಯ ಬುಡದ ಗ್ರಂಥಿಯಿಂದ ಇದು ವಿಷ ಬಿಡುತ್ತದೆ. ಸಣ್ಣ ಬ್ಯಾಗಿನಲ್ಲಿ ಆ ವಿಷದಿಂದ ಅದನ್ನು ಬಿಟ್ಟ ಮೀನೂ ಜೊತೆಯವೂ ಸಾಯಬಹುದು. ಹೈದರಾಬಾದಿನಿಂದ ರೈಲಿನಲ್ಲಿ ತರುವವರು ಒಂದು ಬ್ಯಾಗಿಗೆ ಎರಡೇ ಮೀನು ಹಾಕಿಸಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು, ರಾತ್ರಿ ಗಾಡಿಗೆ ತನ್ನಿ. ದಾರಿಯಲ್ಲಿ ನೀರು ನೊರೆಯಾಗಿ ಮಬ್ಬಾದರೆ ತಕ್ಷಣ ಬದಲಿಸಬೇಕು, ಅದಕ್ಕೆ ಅದೇ ಅಂಗಡಿಯ ಒಂದೆರಡು ಲೀಟರ್ ನೀರು ಬೇರೆ ಬಾಟಲಿಯಲ್ಲಿ ಜೊತೆಗಿರಲಿ. ಮನೆಯಲ್ಲಿ ಬ್ಯಾಗಿನ ನೀರನ್ನು ತೊಟ್ಟಿಗೆ ಸುರಿಯಬೇಡಿ, ಮೀನನ್ನು ಮಾತ್ರ ಬಿಡಿ.

ರೋಗ ಬಂದರೆ ಅಂಗಡಿಯವರ ಮೊದಲ ಸಲಹೆ ಕಲ್ಲುಪ್ಪು. ಗಪ್ಪಿಗೆ ಸರಿಹೋಗುವ ಪ್ರಮಾಣ ಕೋರಿಗೆ ಹೆಚ್ಚಾಗುತ್ತದೆ, ತಾಮ್ರವಿರುವ ಔಷಧಿಯೂ ಹಾಗೆಯೇ. ಮೊದಲು ನೀರು ಪರೀಕ್ಷಿಸಿ, ನೀರು ಬದಲಿಸಿ, ಆಮೇಲೆ ಔಷಧಿಯ ಮಾತು.

ಎಲ್ಲ ಸರಿಯಿದ್ದರೆ ಬ್ರಾಂಜ್ ಇಲ್ಲೇ ಮೊಟ್ಟೆಯಿಡುತ್ತದೆ. ತವರಿನಲ್ಲಿ ಮಳೆಯ ತಂಪು ನೀರು ಸೇರಿದಾಗ ಇವು ಕೂಡುತ್ತವೆ, ಇಲ್ಲಿ ಜುಲೈ ಮಳೆಗಾಲ ತಕ್ಕ ಸಮಯ. ಒಂದು ಹೆಣ್ಣಿಗೆ ಎರಡು ಗಂಡು ಇರಲಿ. ಮೇಲಿನಿಂದ ನೋಡಿದಾಗ ಅಗಲವಾಗಿ ಕಾಣುವುದು ಹೆಣ್ಣು. ಒಂದು ವಾರ ಬ್ಲಡ್‌ವರ್ಮ್ ಕೊಟ್ಟು, ಸಂಜೆ ಮೂರನೇ ಒಂದು ಭಾಗ ನೀರು ತೆಗೆದು ಎರಡು-ಮೂರು ಡಿಗ್ರಿ ತಂಪಾದ ನೀರು ತುಂಬಿ. ಹೆಣ್ಣು ಹೊಟ್ಟೆಯ ಅಡಿಯ ರೆಕ್ಕೆಗಳ ನಡುವೆ ಎರಡು-ಮೂರು ಮೊಟ್ಟೆ ಹಿಡಿದು ತಂದು ಗಾಜಿಗೆ ಅಂಟಿಸುತ್ತದೆ. ದೊಡ್ಡವು ತಿಂದುಹಾಕುವ ಮೊದಲೇ ಬೆರಳಿನಿಂದ ಮೆಲ್ಲಗೆ ಉರುಳಿಸಿ ಬೇರೆ ಡಬ್ಬಿಗೆ ಹಾಕಿ, ಏರ್ ಸ್ಟೋನ್ ಬಿಡಿ, ಬಿಳಿಯಾದ ಮೊಟ್ಟೆಗಳನ್ನು ದಿನವೂ ತೆಗೆಯಿರಿ. ಮೂರರಿಂದ ಐದು ದಿನದಲ್ಲಿ ಮರಿ ಹೊರಬರುತ್ತದೆ. ಹಳದಿ ಚೀಲ ಕರಗಿದ ಮೇಲೆ ಮೈಕ್ರೊವರ್ಮ್ ಎಂಬ ಸಣ್ಣ ಹುಳು ಅಥವಾ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಮರಿ ದಿನಕ್ಕೆ ಮೂರು ಸಲ, ಸ್ವಲ್ಪಸ್ವಲ್ಪ ಹಾಕಿ.